ಕಂತಿನ ಕಂಪ್ಯೂಟರು, ಅಂಚೆಯ ಸೀಡಿ

ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನಿಗೆ ಎರಡು ವಿದ್ಯೆ ಬರಲೇಬೇಕು: ಲಗ್ನಪತ್ರಿಕೆ ಮಾಡುವುದು, ಫಾರ್ಮ್ಯಾಟ್ ಹೊಡೆಯುವುದು. ಮೊದಲನೆಯದಕ್ಕೆ ಮುಹೂರ್ತದ ತಿಂಗಳುಗಳುಂಟು, ಎರಡನೆಯದಕ್ಕೆ ಕಾಲದ ಹಂಗಿಲ್ಲ. ಮುಡಿಗುಂಡದ ರೇಷ್ಮೆ ವ್ಯಾಪಾರಿಗಳು, ಹನೂರು ಕಡೆಯ ಮೇಷ್ಟ್ರುಗಳು ಸಿಪಿಯುವನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ‘ವೈರಸ್ ಬಂದ್ಬುಟ್ಟದ ಸಾ, ಒಸಿ ಫಾರ್ಮ್ಯಾಟ್ ಹೊಡ್ಕೊಡಿ.’ ಡ್ರಾಯರಿನಲ್ಲಿ ವಿಂಡೋಸ್ ಸೀಡಿ ಇರುತ್ತಿತ್ತು. ಅದರ ಮೈಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ 25 ಅಕ್ಷರಗಳ ಕೀ. ಊರಿಗೆಲ್ಲ ಒಂದೇ ಕೀ. ಅದನ್ನು ಯಾರೂ ಕದ್ದ ಮಾಲು ಅಂದುಕೊಂಡಿರಲಿಲ್ಲ, ಯಾಕೆಂದರೆ ಅಸಲಿ ಮಾಲನ್ನು ಯಾರೂ ಕಂಡಿರಲಿಲ್ಲ.

ನಾನು ಕಣ್ಣಾರೆ ಕಂಡ ಮೊದಲ ಅಸಲಿ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಮೈಸೂರಿನ ಬಸ್ ಸ್ಟ್ಯಾಂಡಿನ ಬಳಿ ಪಿಸಿ ಕ್ವೆಸ್ಟ್ ಎಂಬ ಇಂಗ್ಲಿಷ್ ಮಾಸಪತ್ರಿಕೆಯನ್ನು ಸೀಡಿ ಸಮೇತ ತೂಗುಹಾಕಿರುತ್ತಿದ್ದರು. 1996ರಿಂದಾಚೆಗೆ ಆ ಪತ್ರಿಕೆ ಓದುಗರಿಗೆ ಲಿನಕ್ಸ್ ಹಂಚತೊಡಗಿತ್ತು. ಆ ಉಮೇದಿನ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಇಂಟರ್ನೆಟ್ ಜನಸಾಮಾನ್ಯರಿಗೆ ಸಿಗುವ ಮೊದಲೇ ಬುಲೆಟಿನ್ ಬೋರ್ಡ್ ನಡೆಸಿದ್ದ ಮನುಷ್ಯ, 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನಕ್ಕೆ ಮುಂದಾಳು, 2013ರಲ್ಲಿ ತೀರಿಕೊಂಡರು. ಪತ್ರಿಕೆಗೆ ಸೀಡಿ ಅಂಟಿಸಿದ್ದು ಎಷ್ಟು ದೊಡ್ಡ ಕೆಲಸ ಎಂದು ತಿಳಿಯಬೇಕಾದರೆ ಆಗಿನ ಡಯಲ್ ಅಪ್ ನೆನಪಿರಬೇಕು. ಒಂದು ಸೀಡಿಯಷ್ಟು ಮಾಲನ್ನು ಆ ಫೋನ್ ತಂತಿಯಲ್ಲಿ ಇಳಿಸಿಕೊಳ್ಳಲು, ಲೈನು ಒಮ್ಮೆಯೂ ಕಡಿಯದಿದ್ದರೂ, ಒಂದು ದಿನಕ್ಕಿಂತ ಹೆಚ್ಚು ಬೇಕು. ಕೊಳ್ಳೇಗಾಲದಲ್ಲಿ ಲೈನು ಕಡಿಯದೆ ಇದ್ದ ದಿನ ಯಾವುದು?

ಆ ಸೀಡಿ ತಂದು ಹಾಕಿ ನೋಡಿದರೆ ಕಪ್ಪು ಪರದೆ, ಬಿಳಿ ಅಕ್ಷರ, ‘ಲಾಗಿನ್’ ಎಂಬ ಒಂದು ಪದ. ಅದರ ಮುಂದೆ ಮಿಟುಕುವ ಗೆರೆ. ಹೆಸರು ಕೊಟ್ಟರೆ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಒತ್ತಿದರೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡೇ ಕೆಟ್ಟಿದೆಯೇನೋ ಎನ್ನಿಸುವಂತಿತ್ತು. ಮಧ್ಯೆ ಕರೆಂಟು ಹೋಗಿ ಬಂತೋ, ಡಿಸ್ಕನ್ನೆಲ್ಲ ಮೂಲೆಮೂಲೆ ತಡಕಿ ಪರೀಕ್ಷೆ ಮಾಡದೆ ಮುಂದೆ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಎದುರಿನ ಹೋಟೆಲಿನಲ್ಲಿ ಟೀ ಕುಡಿದು ಬರಬಹುದಿತ್ತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಕರೆಂಟು ಹರಿದಿತ್ತು. ಆ ಶಿವನಸಮುದ್ರದ ಮಗ್ಗುಲಲ್ಲಿರುವ ನಮ್ಮ ಅಂಗಡಿಯಲ್ಲಿ ನೂರು ವರ್ಷದ ಮೇಲೂ ಯುಪಿಎಸ್ ಕೂಗುತ್ತಲೇ ಇತ್ತು.

ಅಷ್ಟೆಲ್ಲ ಗೋಳಾಡಿಸಿದರೂ ಅದನ್ನು ನಾನು ಬಿಡದೆ ಇದ್ದುದಕ್ಕೆ ಕಾರಣ ಅದರ ಹಿಂದಿನ ಕಥೆ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಜನವರಿಯಲ್ಲಿ ಒಂದು 386 ಕಂಪ್ಯೂಟರ್ ಕೊಂಡ. 4 ಎಂಬಿ ಮೆಮೊರಿ. ಕೈಯಲ್ಲಿ ಪೂರ್ತಿ ದುಡ್ಡಿರಲಿಲ್ಲ, ಕಂತಿನ ಮೇಲೆ ತಂದದ್ದು. ಕಂತು ಎಂದ ಕೂಡಲೇ ನನಗೆ ಆತ ನಮ್ಮವನೇ ಅನ್ನಿಸಿಬಿಟ್ಟ. ನಮ್ಮ ಅಂಗಡಿಯ ಮೊದಲ ಮೆಷಿನ್ನೂ ಚೀಟಿ ಎತ್ತಿದ ದುಡ್ಡಿನದು. ಪಾಠಕ್ಕೆಂದು ಟನೆನ್‌ಬಾಮ್ ಎಂಬ ಪ್ರಾಧ್ಯಾಪಕರು ಬರೆದಿದ್ದ ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಆತನಿಗೆ ಸಾಲಲಿಲ್ಲ. ತಾನೇ ಒಂದನ್ನು ಬರೆಯತೊಡಗಿ, ಆಗಸ್ಟ್ 25ರಂದು, ಇದು ಬರೀ ಹವ್ಯಾಸ ಎಂಬ ಧಾಟಿಯಲ್ಲಿ ಮಿನಿಕ್ಸ್ ಬಳಗಕ್ಕೆ ತಿಳಿಸಿದ. ಬಳಸಿದವರು ದುಡ್ಡು ಕಳಿಸಲೇ ಎಂದಾಗ ಬೇಡ, ನಿಮ್ಮ ಊರಿನ ಪೋಸ್ಟ್‌ಕಾರ್ಡ್ ಕಳಿಸಿ ಎಂದ. ದೇಶದೇಶಗಳಿಂದ ಕಾರ್ಡುಗಳು ಬಂದವು. ಆಮೇಲೆ ಬಳಕೆದಾರರೇ ಚಂದಾ ಎತ್ತಿ ಆ ಕಂತಿನ ಬಾಕಿ ತೀರಿಸಿಕೊಟ್ಟರು.

ಇಲ್ಲೊಂದು ಸೂಕ್ಷ್ಮವಿದೆ. ಮೊದಮೊದಲು ಆತ ಹಾಕಿದ್ದ ಷರತ್ತಿನ ಪ್ರಕಾರ ಲಿನಕ್ಸನ್ನು ಯಾರೂ ದುಡ್ಡಿಗೆ ಕೊಡುವಂತಿರಲಿಲ್ಲ, ಫ್ಲಾಪಿಯ ಖರ್ಚನ್ನೂ ಕೇಳುವಂತಿರಲಿಲ್ಲ. ಕೇಳಲು ಬಲು ಧರ್ಮದ ಮಾತು. 1992ರ ಆರಂಭದಲ್ಲಿ ಅದನ್ನು ಬಿಟ್ಟು ರಿಚರ್ಡ್ ಸ್ಟಾಲ್ಮನ್ನರ ಜಿಪಿಎಲ್ ಪರವಾನಗಿಗೆ ಬಂದ: ಬೇಕಾದರೆ ಮಾರಿ, ಆದರೆ ಒಳಗಿನ ಬರಹವನ್ನು ಬಚ್ಚಿಡಬೇಡಿ, ಪಡೆದವನು ತಿದ್ದುವ, ಹಂಚುವ ಹಕ್ಕನ್ನು ಕಸಿಯಬೇಡಿ. ಮೊದಲಿನ ಧರ್ಮವೇ ಉಳಿದಿದ್ದರೆ ಬೆಲೆಯಿಟ್ಟ ಪತ್ರಿಕೆಯ ಜೊತೆ ಸೀಡಿ ಬರುತ್ತಿರಲಿಲ್ಲ, ಮೈಸೂರಿನಲ್ಲಿ ಅದು ನನ್ನ ಕೈಗೆ ಸಿಗುತ್ತಿರಲೂ ಇಲ್ಲ. ನಾಲ್ಕು ಕಾಸು ಹುಟ್ಟಿದರೆ ತಾನೇ ವ್ಯಾಪಾರಿ ಹೊತ್ತು ತರುವುದು!

ಲಿನಕ್ಸಿಗಿಂತ ಮೊದಲೇ ಗೆಲ್ಲಬಹುದಾಗಿದ್ದ ಒಂದು ಕುದುರೆ ಇತ್ತು. ಕ್ಯಾಲಿಫೋರ್ನಿಯಾದ ಗಂಡ ಹೆಂಡತಿ, ವಿಲಿಯಂ ಮತ್ತು ಲಿನ್ ಜೋಲಿಟ್ಜ್, ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಆಪರೇಟಿಂಗ್ ಸಿಸ್ಟಮನ್ನು ಮನೆಯ 386 ಕಂಪ್ಯೂಟರಿಗೆ ಇಳಿಸುವ ಬಗೆಯನ್ನು 1991ರ ಜನವರಿಯಿಂದ ‘ಡಾಕ್ಟರ್ ಡಾಬ್ಸ್ ಜರ್ನಲ್’ ಎಂಬ ಪತ್ರಿಕೆಯಲ್ಲಿ ಕಂತುಕಂತಾಗಿ ಬರೆದರು. 1992ರಲ್ಲಿ 386ಬಿಎಸ್‌ಡಿ ಎಂಬ ಹೆಸರಿನಲ್ಲಿ ಅದು ಹೊರಬಂತು. ಅದು ಮೊದಲೇ ಸಿಕ್ಕಿದ್ದರೆ ಪ್ರಾಯಶಃ ಲಿನಕ್ಸ್ ಬರೆಯುತ್ತಲೇ ಇರಲಿಲ್ಲ ಎಂದು ಟೊರ್ವಾಲ್ಡ್ಸ್ ಆಮೇಲೆ ಹೇಳಿದ್ದುಂಟು. ಬಳಕೆದಾರರು ತಿದ್ದುಪಡಿಗಳನ್ನು ರಾಶಿ ಹಾಕಿದರು. ಅವನ್ನೆಲ್ಲ ಒಳಗೆ ಸೇರಿಸಿಕೊಳ್ಳುವ ವೇಗ ಆ ದಂಪತಿಗೆ ಬರಲಿಲ್ಲ. ಕಾದು ಬೇಸತ್ತವರು 1993ರಲ್ಲಿ ನೆಟ್‌ಬಿಎಸ್‌ಡಿ, ಫ್ರೀಬಿಎಸ್‌ಡಿ ಎಂದು ಬೇರೆ ಬೇರೆ ದಾರಿ ಹಿಡಿದರು. ಚಿಕ್ಕಲ್ಲೂರು ಜಾತ್ರೆಯಲ್ಲಿ ಒಂದೇ ಮಂಟೇಸ್ವಾಮಿ ಕಥೆಯನ್ನು ಒಬ್ಬ ನೀಲಗಾರ ಹಾಡಿದಂತೆ ಇನ್ನೊಬ್ಬ ಹಾಡುವುದಿಲ್ಲವಲ್ಲ, ಹಾಗೆ. ಸಾಲದ್ದಕ್ಕೆ ಬರ್ಕ್ಲಿಯ ಬರಹದ ಮೇಲೆ ಎಟಿ ಅಂಡ್ ಟಿ ಬಳಗದವರು ದಾವೆ ಹೂಡಿದ್ದರು. 1994ರಲ್ಲಿ ರಾಜಿಯಾದಾಗ ಸುಮಾರು 18,000 ಫೈಲುಗಳಲ್ಲಿ ತೆಗೆಯಬೇಕಾಗಿ ಬಂದದ್ದು ಮೂರೇ ಮೂರು! ಅಷ್ಟರೊಳಗೆ ಜನ ಲಿನಕ್ಸಿನ ಕಡೆ ವಾಲಿಯಾಗಿತ್ತು. ಫ್ರೀಬಿಎಸ್‌ಡಿ ಸಾಯಲಿಲ್ಲ, ವಾಟ್ಸಾಪ್ ಬೆಳೆದದ್ದು ಅದರ ಸರ್ವರುಗಳ ಮೇಲೆ. ನಮ್ಮ ಲಗ್ನಪತ್ರಿಕೆ ವ್ಯಾಪಾರಕ್ಕೆ ಕಲ್ಲು ಬಿದ್ದದ್ದೂ ಆ ವಾಟ್ಸಾಪಿನಿಂದಲೇ ಎಂಬುದು ಬೇರೆ ಮಾತು.

2004ರ ಅಕ್ಟೋಬರಿನಲ್ಲಿ ಉಬುಂಟು ಎಂಬ ಲಿನಕ್ಸ್ ಬಂತು. ಅದರವರು ಇನ್ನೂ ಧಾರಾಳಿಗಳು. ವಿಳಾಸ ಕೊಟ್ಟರೆ ಸೀಡಿಯನ್ನು ಪ್ರಪಂಚದ ಯಾವ ಮೂಲೆಗಾದರೂ ಪುಕ್ಕಟೆ ಅಂಚೆಯಲ್ಲಿ ಕಳಿಸುತ್ತಿದ್ದರು, ಅಂಚೆವೆಚ್ಚವೂ ಅವರದೇ. ನಾನು ಹನೂರಿನ ನಮ್ಮ ಮನೆಯ ವಿಳಾಸ ಕೊಟ್ಟಿದ್ದೆ. ಪರದೇಶದ ಲಕೋಟೆ ಕಂಡ ಪೋಸ್ಟ್‌ಮ್ಯಾನ್ ಅದನ್ನು ಅಪ್ಪನ ಕೈಗೆ ಕೊಡುತ್ತಾ, ‘ಮಗನಿಗೆ ಫಾರಿನ್ ಕೆಲಸ ಆಯ್ತಾ?’ ಎಂದು ಕೇಳಿದರಂತೆ. ಒಳಗೆ ತೆಳು ರಟ್ಟಿನ ಹೊದಿಕೆಯ ಸೀಡಿಗಳು, ಅವುಗಳ ಮೇಲೆ ಕೈಕೈ ಹಿಡಿದು ಸುತ್ತಾಗಿ ನಿಂತ ಮೂವರ ಗುರುತು. ಗೆಳೆಯರಿಗೆ ಹಂಚಿ ಎಂದೇ ಒಂದಕ್ಕಿಂತ ಹೆಚ್ಚು ಕಳಿಸುತ್ತಿದ್ದರು. ಹಂಚಿದೆ. ಮುಂದೆ ಕೆಲವು ಅಂಗಡಿಗಳ ಬಾಗಿಲಲ್ಲಿ ನಿಂಬೆಹಣ್ಣು ಮೆಣಸಿನಕಾಯಿಯ ಜೊತೆ ಅವು ತೂಗಾಡುವುದನ್ನೂ ನೋಡಿದೆ. 2011ರಲ್ಲಿ ಆ ದಾನ ನಿಂತಿತು.

ಕನ್ನಡದ ಪಾಡು? ಆ ಕಾಲದ ಲಿನಕ್ಸಿನಲ್ಲಿ ಹನೂರು ಎಂದು ಬರೆದರೆ ಹನೂರೇ ಬರುತ್ತಿತ್ತು. ಯಳಂದೂರಿಗೂ ತೊಂದರೆ ಇರಲಿಲ್ಲ. ಕೊಳ್ಳೇಗಾಲ ಮಾತ್ರ ಒಡೆದುಹೋಗುತ್ತಿತ್ತು. ಒತ್ತು ಕೆಳಗಿಳಿಯದೆ ‘ಳ್‌ಳೇ’ ಎಂದು ಪಕ್ಕದಲ್ಲೇ ಕೂರುತ್ತಿತ್ತು, ಸ್ವರಚಿಹ್ನೆ ಅಂಟಿಕೊಳ್ಳಲು ಅಕ್ಷರ ಸಿಗದೆ ಚುಕ್ಕಿಯ ಬಳೆಯೊಂದರ ಮೇಲೆ ಒಂಟಿಯಾಗಿ ನಿಲ್ಲುತ್ತಿತ್ತು. ಒಂದು ಅಕ್ಷರದಡಿ ಇನ್ನೊಂದನ್ನು ಜೋಡಿಸುವ ಲೆಕ್ಕಾಚಾರ ಆ ತಂತ್ರಾಂಶಕ್ಕೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳಲ್ಲಿ ಹಳೆಯ ಪದ್ಧತಿಯಂತೆ ಮಾಡಿಟ್ಟ ಫೈಲುಗಳನ್ನು ತೆರೆದರಂತೂ ಟೋಪಿ, ಬಾಲ ಹಾಕಿಕೊಂಡ ರೋಮನ್ ಅಕ್ಷರಗಳ ಸಂತೆ. ಹೀಗಿರುವಾಗ ಲಗ್ನಪತ್ರಿಕೆಯವನು ಲಿನಕ್ಸ್ ನಂಬಿ ಸಂಸಾರ ಮಾಡುವುದುಂಟೆ? ಅಂಗಡಿಯ ಎರಡನೇ ಮೆಷಿನ್ನಿನಲ್ಲಿ ಅದನ್ನು ಇಟ್ಟುಕೊಂಡೆ.

ಲಿನಕ್ಸಿನ ಕನ್ನಡವನ್ನು ಸರಿಮಾಡಿದ್ದು ಒಬ್ಬಿಬ್ಬರಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಿಂದ ಕೇದಗೆ, ಮಲ್ಲಿಗೆ ಎಂಬ ಮುಕ್ತ ಫಾಂಟುಗಳು ಬಂದವು (ಮಲ್ಲಿಗೆಯ ಫೈಲಿನ ಹೆಸರಲ್ಲಿ ಯಾರೋ ಒಂದು ‘ಎಲ್’ ನುಂಗಿದ್ದರು). ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಲಿನಕ್ಸಿಗೂ ಬಂತು. ಅರವಿಂದ ವಿ.ಕೆ. ಅವರು ನವಿಲು, ಗುಬ್ಬಿ ಎಂಬ ಫಾಂಟುಗಳನ್ನು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಮೆನುಗಳನ್ನು ರಾತ್ರಿ ಕೂತು ಕನ್ನಡಕ್ಕೆ ತಂದವರ ಹೆಸರು ಬಹಳ ಮಂದಿಗೆ ಗೊತ್ತಿಲ್ಲ. ಇವತ್ತು ಕೊಳ್ಳೇಗಾಲ ಇಡಿಯಾಗಿ ಬರುತ್ತದೆ.

ನಮ್ಮ ಗಡಿಯ ಗರಿಕೆಕಂಡಿ ಚೆಕ್‌ಪೋಸ್ಟ್ ದಾಟಿದರೆ ಬರಗೂರು ಬೆಟ್ಟ. ತಮಿಳುನಾಡು ಸೇರಿದ ಕನ್ನಡದ ಊರುಗಳು, ನಮಗಲ್ಲಿ ನೆಂಟಸ್ತನ. 2011ರಿಂದ ಅಲ್ಲಿನ ಸರ್ಕಾರ ಪ್ಲಸ್ ಟೂ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡುತ್ತಿತ್ತು. ನೆಂಟರ ಹುಡುಗಿ ತನ್ನದನ್ನು ತಂದು, ‘ಮಾವ, ಆನ್ ಮಾಡುದ್ರ ಇದು ಎರಡೆರಡು ಕೇಳ್ತದ’ ಎಂದಳು. ನೋಡಿದರೆ ವಿಂಡೋಸ್ ಜೊತೆಗೆ ಬಾಸ್, ಸಿ-ಡ್ಯಾಕ್‌ನ ಭಾರತೀಯ ಲಿನಕ್ಸ್. ನಾನು ಹುರುಪಿನಿಂದ ಮೆನುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿದೆ. ‘ಕಡತ’, ‘ಸಂಪಾದನೆ’ ಎಂದು ಓದಿ ನಕ್ಕಳು. ‘ತಮಿಳಲ್ಲೇ ಇರ್ಲಿ ಮಾವ, ಇಸ್ಕೂಲಲ್ಲಿ ಅದ್ನೇ ಕೇಳಾದು.’ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಐಟಿ ಪಾಠ ಕಲಿಯುವುದು ಲಿನಕ್ಸಿನಲ್ಲೇ, ಅದು ಕೇರಳ ಸರ್ಕಾರದ ಕೃಪೆ. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಸಿಕ್ಕಿದ್ದು ಈಚೆಯವರಿಗೆ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಆದರೂ ಯಳಂದೂರು ಕಡೆಯ ಗೆಳೆಯ ಮೇಷ್ಟ್ರೊಬ್ಬರು ಇಲಾಖೆಯ ತರಬೇತಿಯಿಂದ ಉಬುಂಟು ಕಲಿತು ಬಂದು, ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ತ್ರಿಭುಜದ ಮೂಲೆ ಹಿಡಿದು ಎಳೆದು ತೋರಿಸಿದರು. ಎಷ್ಟೇ ಎಳೆದರೂ ಕೋನಗಳ ಮೊತ್ತ 180ರಲ್ಲೇ ನಿಂತಿತ್ತು.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಿಡಿಸದ ಮೆಷಿನ್ನುಗಳು ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಶಾಲೆ, ಸೊಸೈಟಿ, ಮನೆಗಳಲ್ಲಿ ಇನ್ನೂ ಇವೆ. ಗುಜರಿಗೆ ಹಾಕುವ ಮುಂಚೆ ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿ ನೋಡಿ. ಡಿಸ್ಕಿಗೆ ಕೈಹಚ್ಚದೆ ಪೆನ್‌ಡ್ರೈವಿನಿಂದಲೇ ಓಡುತ್ತದೆ. ಪ್ರಿಂಟರ್ ಒಪ್ಪುತ್ತದೋ ಇಲ್ಲವೋ ಅಲ್ಲೇ ಪರೀಕ್ಷಿಸಿ, ಅದರ ತಕರಾರು ಇನ್ನೂ ಪೂರ್ತಿ ಮುಗಿದಿಲ್ಲ. ಇಷ್ಟವಾಗಿ ಒಳಗೆ ಹಾಕಿಸುವುದಾದರೆ, ಫೋಟೋಗಳನ್ನೂ ಲೆಕ್ಕಪತ್ರಗಳನ್ನೂ ಮೊದಲು ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡೇ ಅಂಗಡಿಗೆ ಬನ್ನಿ.