ಕತ್ತಲೆಯ ಕಂಪನ

ಹುಬ್ಬಳ್ಳಿಯ ಗೋಕುಲ ರಸ್ತೆಯ ಮನೆಯೊಂದರಲ್ಲಿ ನಿವೃತ್ತ ಭೌತಶಾಸ್ತ್ರದ ಮಾಸ್ತರರೊಬ್ಬರು ವಾಸವಾಗಿದ್ದಾರೆ. ಒಂದು ಸಂಜೆ ವಿದ್ಯುತ್ತು ಹೋಗಿ ಬೀದಿಯೆಲ್ಲ ಕತ್ತಲಾಯಿತು. ಮೊಮ್ಮಗಳು ಅವರ ಧೋತರದ ಅಂಚು ಹಿಡಿದು ಕೇಳಿದಳು: "ಅಜ್ಜಾ, ಬೆಳಕು ಪೂರಾ ಹೋದ ಮ್ಯಾಲೆ ಅಲ್ಲಿ ಏನು ಉಳೀತದ?"

"ಏನೂ ಇಲ್ಲ" ಎಂಬುದೇ ಮೂವತ್ತು ವರ್ಷ ಅವರು ತರಗತಿಯಲ್ಲಿ ಕೊಡುತ್ತ ಬಂದ ಉತ್ತರ. ಈಗಲೂ ಅದೇ ನಾಲಗೆಯ ತುದಿಗೆ ಬಂದಿತು, ಆದರೆ ಹೊರಬೀಳಲಿಲ್ಲ. ಅದು ಸರಿಯಲ್ಲವೆಂಬುದನ್ನು ನಿವೃತ್ತಿಯ ಅನಂತರದ ಓದು ಅವರಿಗೆ ಮನಗಾಣಿಸಿತ್ತು.

ಬೆಳಕೆಂದರೆ ವಿದ್ಯುತ್ಕಾಂತ ಕ್ಷೇತ್ರದ ಅಲೆ. ದೀಪವಾರಿದರೂ ಆ ಕ್ಷೇತ್ರವು ನಿಶ್ಚಲವಾಗುವದಿಲ್ಲ. ಹೈಸನ್‌ಬರ್ಗರು 1927ರಲ್ಲಿ ಸಾರಿದ ಅನಿಶ್ಚಿತತೆಯ ನಿಯಮವು ಅದಕ್ಕೆ ಪೂರ್ಣ ವಿಶ್ರಾಂತಿಯನ್ನು ಕೊಡುವದಿಲ್ಲ. ಆದರೂ ಆ ನಿಯಮದಲ್ಲಿ ಒಂದು ಔದಾರ್ಯವುಂಟು. ಅಲೆಗೆ ಎರಡು ಅಂಗಗಳು. ಅವುಗಳ ನಡುಕಗಳ ಗುಣಲಬ್ಧವು ಒಂದು ಮಿತಿಗಿಂತ ಕೆಳಗಿಳಿಯಲಾರದು, ಅಷ್ಟೇ. ಒಂದರ ನಡುಕವನ್ನು ತಗ್ಗಿಸಿ ಇನ್ನೊಂದರದನ್ನು ಹೆಚ್ಚಾಗಗೊಡಲು ಅಡ್ಡಿಯಿಲ್ಲ. ರೊಟ್ಟಿಯ ಹಿಟ್ಟಿನ ಉಂಡೆಯನ್ನು ಒಂದು ಕಡೆ ಒತ್ತಿದರೆ ಅದು ಮತ್ತೊಂದು ಕಡೆಗೆ ಚಾಚಿಕೊಳ್ಳುವದಷ್ಟೆ?

ಇದನ್ನು 1985ರಲ್ಲಿ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಸ್ಲಶರ್ ಮತ್ತು ಅವರ ಸಂಗಡಿಗರು ಮೊದಲು ಮಾಡಿ ತೋರಿಸಿದರು. ಒಂದು ಕಾಲಕ್ಕೆ ಬೀದಿದೀಪಗಳಲ್ಲಿ ಹಳದಿಯಾಗಿ ಹೊಳೆಯುತ್ತಿದ್ದ ಸೋಡಿಯಮ್ಮಿನ ಪರಮಾಣುಗಳನ್ನೇ ಅವರು ಕನ್ನಡಿಗಳ ನಡುವೆ ಹರಿಯಿಸಿ, ಅವುಗಳ ಮೇಲೆ ಲೇಸರ್ ಬೆಳಕನ್ನು ಹಾಯಿಸಿದರು. ಪರಮಾಣುಗಳು ಬೆಳಕಿನ ಕಣಗಳನ್ನು ಎರಡೆರಡಾಗಿ ಹೆಣೆದು ಹೊರಬಿಟ್ಟವು. ಹೀಗೆ ಹೆಣೆದ ಬೆಳಕಿನ ಒಂದು ಅಂಗದಲ್ಲಿ ನಡುಕವು ಪರಸ್ಪರ ಅಳಿಸಿಹೋಗಿ ಮತ್ತೊಂದರಲ್ಲಿ ಕೂಡಿಕೊಂಡಿತು. ಆ ಶಾಂತವಾದ ಅಂಗವು ಬರಿಯ ಕತ್ತಲೆಗಿಂತಲೂ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ಶಾಂತವಾಗಿತ್ತು! ಇದೇ ಹಿಂಡಿದ ಬೆಳಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಕುಂದರು ಸೈಮನ್ ಮೊದಲಾದವರೊಡಗೂಡಿ ಇದರ ಗಣಿತವನ್ನು 1994ರಲ್ಲಿ ವಿಸ್ತರಿಸಿದರು. 2019ರಲ್ಲಿ ಅಮೇರಿಕೆಯ ಲೈಗೋ ಯಂತ್ರಗಳು ಇದರ ನೆರವಿನಿಂದ, ಬಹುದೂರದ ಕಪ್ಪುಕುಳಿಗಳು ಒಂದಾಗುವಾಗ ಏಳುವ ಗುರುತ್ವದ ಅಲೆಗಳನ್ನು ಇನ್ನಷ್ಟು ಸ್ಪಷ್ಟವಾಗಿ ಆಲಿಸತೊಡಗಿದವು.

ಇಷ್ಟನ್ನೂ ಆ ಕೂಸಿಗೆ ಹೇಳುವದೆಂತು? ಮಾಸ್ತರರು ಕೆಲಹೊತ್ತು ಸುಮ್ಮನಿದ್ದು, "ಏನೂ ಇಲ್ಲ ಅನ್ನೂದು ತಪ್ಪು, ತಂಗೀ. ಕತ್ತಲದಾಗೂ ಒಂದು ಸಣ್ಣ ನಡುಕ ಇರ್ತದ. ನಾನೂ ಬಹಳ ವರ್ಷ ತಪ್ಪು ಕಲಿಸಿದೆ" ಎಂದರು.

ಹುಡುಗಿಯು ಕತ್ತಲೆಗೆ ಕಿವಿಗೊಟ್ಟು ಕುಳಿತಳು. ಮೂವತ್ತು ವರ್ಷಗಳ ವಿದ್ಯಾರ್ಥಿಗಳ ಪೈಕಿ ಒಬ್ಬರಿಗಾದರೂ ತಮ್ಮ ಮಾತನ್ನು ತಿದ್ದಿ ಹೇಳಿದ ಸಮಾಧಾನ ಮಾಸ್ತರರಿಗಾಯಿತು. ದೀಪಗಳು ಮರಳಿ ಹೊತ್ತಿಕೊಂಡಾಗ ಬೇಸರಪಟ್ಟವಳು ಆಕೆಯೊಬ್ಬಳೇ.