ಒಂದು ಡ್ರಾಪ್ ಸಿಗುತ್ತಾ ಅಣ್ಣಾ?

ನಾವು ಮೂರು ಜನ. ಒಬ್ಬ ಕೊಪ್ಪ, ಒಬ್ಬ ಶೃಂಗೇರಿ, ಇನ್ನೊಬ್ಬ ಎನ್.ಆರ್.ಪುರ. ಹಾಸ್ಟೆಲ್‌ನಲ್ಲಿ ಒಂದೇ ರೂಮು. ಊರು ಹೇಳಿದ ತಕ್ಷಣ ಬೆಂಗಳೂರಿನ ಫ್ರೆಂಡ್ಸ್ ಕೇಳೋದು ಒಂದೇ, "ಕಾಫಿ ಎಸ್ಟೇಟ್ ಇದ್ಯಾ?" ಎಸ್ಟೇಟ್ ಇಲ್ಲ ಮಾರಾಯ. ಮನೆ ಹತ್ರ ಬಸ್ಸೇ ದಿನಕ್ಕೆರಡು. ಟೈ ಕಟ್ಕೊಂಡು, ಶೂ ಪಾಲಿಶ್ ಮಾಡ್ಕೊಂಡು, ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹಾಲಿನ ಗಾಡಿಯಲ್ಲಿ ಡ್ರಾಪ್ ತಗೊಂಡು ಹೋದವರು ನಾವು.

ಫಸ್ಟ್ ಇಯರ್‌ನಲ್ಲಿ ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ನೋಡಿದ್ವಿ. ಇಂಗ್ಲೆಂಡಿನಿಂದ ಫ್ರಾನ್ಸಿಗೆ ಡ್ರಾಪ್ ಕೇಳ್ಕೊಂಡೇ ಹೋಗೋದು ಹೇಗೆ ಅಂತ. ಅಲ್ಲಿ ಸಮುದ್ರದ ಕೆಳಗೆ 1994ರಲ್ಲಿ ಶುರುವಾದ ಸುರಂಗ ಇದೆ, ಕಾರುಗಳನ್ನೇ ರೈಲಿಗೆ ಹತ್ತಿಸಿ ಆಚೆ ದಾಟಿಸ್ತಾರೆ. ಆ ಕಾರಿನ ರೈಲಿಗೆ ನಡ್ಕೊಂಡು ಬಂದವರಿಗೆ ಪ್ರವೇಶ ಇಲ್ಲ. ಆದ್ರೆ ಟಿಕೆಟ್ ಕಾರಿಗೆ, ತಲೆಗಲ್ಲ. ಸೀಟು ಖಾಲಿ ಇರೋ ಕಾರು ಸಿಕ್ಕಿದ್ರೆ ಬಿಟ್ಟಿಯಾಗಿ ದೇಶವೇ ದಾಟಬಹುದು. ನಮಗೂ ಆಸೆ ಹುಟ್ಟಿತು. ಪಾಸ್‌ಪೋರ್ಟ್ ಮೂವರಿಗೂ ಇಲ್ಲ. ನಮ್ಮ ಕೈಗೆ ಎಟಕುವ ಸಮುದ್ರ ಅಂದ್ರೆ ಶರಾವತಿ ಹಿನ್ನೀರು. ಸರಿ, 2024ರ ದೀಪಾವಳಿ ರಜೆಯಲ್ಲಿ ಸಿಗಂದೂರಿಗೆ ಹೊರಟ್ವಿ. ಕೊಪ್ಪ ಬಿಟ್ಟ ಮೇಲೆ ಬಸ್ ಹತ್ತಬಾರದು ಅನ್ನೋದು ರೂಲ್.

ಮೂರು ಜನ ಡ್ರಾಪ್ ಕೇಳೋದು ಕಷ್ಟ. ಬೈಕಿನವರು ನಿಲ್ಲಿಸಿದ್ರೂ ಒಬ್ಬನೇ ಹೋಗಬೇಕು. ತೀರ್ಥಹಳ್ಳಿ ತನಕ ಅಡಿಕೆ ಮೂಟೆ ಹೇರಿದ್ದ ಪಿಕಪ್, ಹೊಸನಗರಕ್ಕೆ ಶಾಮಿಯಾನದ ಲಾರಿ, ಅಲ್ಲಿಂದ ಸಾಗರಕ್ಕೆ ಮೇಷ್ಟ್ರೊಬ್ಬರ ಕಾರು. ಮೇಷ್ಟ್ರು ದಾರಿಯುದ್ದಕ್ಕೂ ನಮ್ಮ ಸಿಜಿಪಿಎ ಕೇಳಿದ್ರು. ಅದು ಬಿಟ್ಟರೆ ಸುಖವಾಗಿತ್ತು.

ಹೊಳೆಬಾಗಿಲಿಗೆ ಬಂದಾಗ ಮಧ್ಯಾಹ್ನ. ರಜೆ ಅಂತ ಕಾರುಗಳ ಸಾಲು ಎಲ್ಲಿಗೋ ಮುಟ್ಟಿತ್ತು. ಇಲ್ಲಿ ಸುರಂಗದ ನಿಯಮ ಪೂರ್ತಿ ಉಲ್ಟಾ. ಕಾರಿನವರು ಗಂಟೆಗಟ್ಟಲೆ ಕಾಯಬೇಕು, ನಡ್ಕೊಂಡು ಬಂದವರು ಸೀದಾ ಲಾಂಚ್ ಹತ್ತಬಹುದು. ಹತ್ತಿದ ಮೇಲೆ ಇನ್ನೊಂದು ವಿಷಯ ಗೊತ್ತಾಯ್ತು. ರಸ್ತೆಯಲ್ಲಿ ಡ್ರೈವರ್ ನಮ್ಮನ್ನ ನೋಡೋದು ಎರಡು ಸೆಕೆಂಡ್, ಅಷ್ಟರಲ್ಲಿ ನಮ್ಮ ಮುಖ ನಂಬಬೇಕು. ಲಾಂಚ್‌ನಲ್ಲಿ ಗಾಡಿ ಆಫ್ ಆಗಿರುತ್ತೆ, ಎಲ್ಲರೂ ಇಳಿದು ಕಂಬಿ ಹಿಡಿದು ನಿಂತಿರ್ತಾರೆ, ಯಾರೂ ಎಲ್ಲಿಗೂ ಓಡಿಹೋಗೋಕಾಗಲ್ಲ. ಡ್ರಾಪ್ ಕೇಳೋಕೆ ಇದಕ್ಕಿಂತ ಒಳ್ಳೆ ಜಾಗ ಈ ಪ್ರಪಂಚದಲ್ಲಿ ಇಲ್ಲ.

ನಾವು ಕೇಳೋ ಮೊದಲೇ ಜೀಪಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೇಳಿದ್ರು, "ಯಾವೂರು ಮಕ್ಳೇ?" ಕೊಪ್ಪ ಅಂದ್ವಿ. "ಕೊಪ್ಪದಲ್ಲಿ ಯಾರ ಮನೆ?" ಮಲೆನಾಡಲ್ಲಿ ಆಧಾರ್ ಕಾರ್ಡ್ ಅಂದ್ರೆ ಇದೇ. ಸಾಗರದ ಆಸ್ಪತ್ರೆಗೆ ತೋರಿಸ್ಕೊಂಡು ಮಗನ ಜೊತೆ ತುಮರಿ ಕಡೆ ವಾಪಸ್ ಹೋಗ್ತಿದ್ರು. ಮಗ ಹಿಂದೆ ಹತ್ಕೊಳ್ಳಿ ಅಂದ್ರು.

ನಮ್ಮಲ್ಲೊಬ್ಬ ಆಗ ನೀರಿನ ರೀಲ್ಸ್ ಮಾಡ್ತಿದ್ದ. ಅಜ್ಜಿ ಸ್ವಲ್ಪ ಹೊತ್ತು ನೋಡಿದ್ರು. ಆಮೇಲೆ, "ಆ ಬದಿ ತೆಗಿ. ನಮ್ಮನೆ ಅಲ್ಲೇ ಅಡಿಗಿರೋದು" ಅಂತ ಬೆರಳು ತೋರಿಸಿದ್ರು. ಅಲ್ಲಿ ನೀರು ಬಿಟ್ರೆ ಏನೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಮುಗಿದಾಗ ಅವರಿಗೆ ಹದಿನೈದು ವರ್ಷ ಅಂತೆ. ಮನೆ, ಗದ್ದೆ, ತೋಟ ಎಲ್ಲ ಮುಳುಗಡೆ. ರಾಜ್ಯಕ್ಕೆಲ್ಲ ಕರೆಂಟ್ ಕೊಟ್ಟ ಈ ನೀರನ್ನ ದಾಟೋಕೆ ಅವರಿಗೆ ಉಳಿದಿದ್ದು ಲಾಂಚ್. ಅದೂ ಸಂಜೆ ತನಕ. ಅಜ್ಜನಿಗೆ ಒಂದು ರಾತ್ರಿ ಎದೆನೋವು ಬಂದಾಗ ದಡದಲ್ಲಿ ಬೆಳಗಾಗೋದನ್ನ ಕಾದರಂತೆ. ಮುಂದೇನಾಯ್ತು ಅಂತ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ರೀಲ್ಸ್ ಅಲ್ಲಿಗೇ ನಿಂತಿತು.

ಆ ದಿನ ರಾತ್ರಿ ಎನ್.ಆರ್.ಪುರದವನು ಮಾತೇ ಆಡಲಿಲ್ಲ. ಅವನ ಮನೆ ಇರೋದು ಭದ್ರಾ ಹಿನ್ನೀರಿನ ಹತ್ರ. ಲಕ್ಕವಳ್ಳಿ ಡ್ಯಾಮಿನಿಂದ ಅವರಜ್ಜನ ಗದ್ದೆಯೂ ಹೋಗಿದೆ ಅನ್ನೋದು ಅವನಿಗೆ ಗೊತ್ತಿತ್ತು, ಎಲ್ಲಿತ್ತು ಅಂತ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಆ ನೀರಿಗೆ ಕಲ್ಲು ಬಿಸಾಕಿ ಆಡಿದ್ದಾನೆ.

2025ರ ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. 2.44 ಕಿಲೋಮೀಟರ್, ಕೇಬಲ್‌ಗಳಲ್ಲಿ ತೂಗುಹಾಕಿದ ಸೇತುವೆ. ಕ್ಲಾಸಲ್ಲಿ ಸಿವಿಲ್‌ನವರಿಗೆ ಹಬ್ಬ. ನಮ್ಮ ಸ್ಟೇಟಸ್‌ಗಳಲ್ಲಿ ಮಾತ್ರ "ಲಾಂಚ್ ಮಿಸ್ ಯೂ". ಎರಡೇ ಎರಡು ಸಲ, ಹೋಗ್ತಾ ಒಂದು ಬರ್ತಾ ಒಂದು, ಲಾಂಚ್ ಹತ್ತಿದವರು ನಾವು! ಈಗ ಆ ಸ್ಟೇಟಸ್ ನೆನೆಸ್ಕೊಂಡ್ರೆ ಮುಜುಗರ ಆಗುತ್ತೆ.

ದಸರಾ ರಜೆಗೆ ಮತ್ತೆ ಹೋದ್ವಿ, ಅದೇ ರೂಲ್. ಸೇತುವೆ ಬಾಯಲ್ಲಿ ನಿಂತು ಕೈ ಅಡ್ಡ ಹಾಕಿದ್ವಿ. ಒಂದರ ಹಿಂದೆ ಒಂದು ಕಾರು ಸುಯ್ ಅಂತ ಹೋಗ್ತಿತ್ತು, ಒಂದೂ ನಿಲ್ಲಲಿಲ್ಲ. ಮುಕ್ಕಾಲು ಗಂಟೆ ಆದಮೇಲೆ ಜೀಪಿನ ಅಣ್ಣನಿಗೆ ಫೋನ್ ಮಾಡಿದ್ವಿ. ಫೋನ್ ಮಾಡಿ ಕರೆಸ್ಕೊಂಡ್ರೆ ಅದು ಡ್ರಾಪ್ ಹೇಗಾಗುತ್ತೆ ಅಂತ ಶೃಂಗೇರಿಯವನ ತಕರಾರು ಇನ್ನೂ ಇದೆ.

ಅಣ್ಣ ಬಂದ್ರು. ಅಜ್ಜಿ ಹೇಗಿದ್ದಾರೆ ಅಂತ ಕೇಳಿದ್ವಿ. ಚೆನ್ನಾಗಿದ್ದಾರೆ, ಈಗ ಆಸ್ಪತ್ರೆಗೆ ಬೇಕಾದಾಗ ಹೋಗಿ ಬರ್ತೀವಿ, ರಾತ್ರಿ ಭಯ ಇಲ್ಲ ಅಂದ್ರು. ಸೇತುವೆ ಶುರುವಾದ ವಾರವೇ ಅಮ್ಮನ್ನ ಕರ್ಕೊಂಡು ಬಂದಿದ್ರಂತೆ. ಅರ್ಧದಲ್ಲಿ ಅಮ್ಮ, "ಮನೆ ಹತ್ರ ಬಂತು, ನಿಧಾನ ಮಾಡು" ಅಂದ್ರಂತೆ. ಹಿಂದೆ ಸಾಲಾಗಿ ಗಾಡಿಗಳು, ಹಾರ್ನ್ ಬೇರೆ. ಅವರು ತಲೆ ತಿರುಗಿಸೋದ್ರಲ್ಲಿ ಜಾಗ ದಾಟಿಹೋಗಿತ್ತು. "ಲಾಂಚ್‌ನಲ್ಲಿ ಆದ್ರೆ ನೋಡ್ತಾ ನಿಲ್ತಿದ್ರು. ಈಗ ಬೈತಾರೆ ನನಗೆ" ಅಂತ ಅಣ್ಣ ನಕ್ಕರು. ನಾವು ದಾಟುವಾಗ ಮಾತ್ರ ಜೀಪನ್ನ ಎಷ್ಟಾಗುತ್ತೋ ಅಷ್ಟು ನಿಧಾನ ಓಡಿಸಿದ್ರು. ಹಿಂದಿನ ಕಾರಿನವನು ಹಾರ್ನ್ ಹೊಡೆದೇ ಹೊಡೆದ.

ವಾಪಸ್ ಬರ್ತಾ ಎನ್.ಆರ್.ಪುರದಲ್ಲಿ ಒಂದು ರಾತ್ರಿ ಉಳ್ಕೊಂಡ್ವಿ. ಬೆಳಿಗ್ಗೆ ಅಜ್ಜನನ್ನ ಅವರ ಹಳೇ ಸ್ಕೂಟರ್ ಹಿಂದೆ ಕೂರಿಸ್ಕೊಂಡು ಮೊಮ್ಮಗ ಹಿನ್ನೀರಿನ ದಡಕ್ಕೆ ಹೊರಟ. ನಾವಿಬ್ಬರು ಹಿಂದೆ ನಡ್ಕೊಂಡು ಹೋದ್ವಿ. ನಾವು ತಲುಪೋ ಹೊತ್ತಿಗೆ ಅಜ್ಜ ಊರುಗೋಲಿನಿಂದ ಕೆಸರಿನ ಮೇಲೆ ಗೆರೆ ಎಳೀತಿದ್ರು. ಇದು ಗದ್ದೆ, ಇದು ಬಾವಿ, ಇದು ನಿಮ್ಮಜ್ಜಿ ಮದುವೆಯಾಗಿ ಬಂದ ದಾರಿ. ಇವನು ಫೋನ್ ಜೇಬಲ್ಲಿಟ್ಟು ಕುಕ್ಕರುಗಾಲಲ್ಲಿ ಕೂತು ನೋಡ್ತಿದ್ದ.