ಕ್ಷಯ ಹಿಡಿದ ಮಳೆಗಾಲ

ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಆ ವರ್ಷ ನನ್ನ ರವಿಕೆಗಳನ್ನೇ ಬಿಚ್ಚಿ ಮತ್ತೆ ಮತ್ತೆ ಒಳಗೆ ಹಿಡಿದು ಹೊಲಿಯಬೇಕಾಯಿತು. ಇವತ್ತು ಸರಿ ಮಾಡಿದ ಭುಜ ತಿಂಗಳೊಪ್ಪತ್ತಿನಲ್ಲಿ ಜಾರುತ್ತಿತ್ತು. ಸಂಜೆಯಾದರೆ ಮೈ ಬೆಚ್ಚಗಾಗುವುದು, ನಡುರಾತ್ರಿ ಬೆವರಿಗೆ ದಿಂಬು ತೊಯ್ಯುವುದು, ಅನ್ನ ಕಂಡರೆ ಬೇಡವೆನಿಸುವುದು. ಕೆಮ್ಮಂತೂ ಬಿಡಲೇ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕೆಮ್ಮದವರು ಯಾರು ಎಂದು ಎಲ್ಲರೂ ಸಮಾಧಾನ ಹೇಳಿದರು.

ಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಸಿರಪ್ಪು, ಆಂಟಿಬಯೋಟಿಕ್ಕು, ಮತ್ತೆ ಬೇರೆ ಆಂಟಿಬಯೋಟಿಕ್ಕು ಕೊಟ್ಟರು. ಕಫ ಪರೀಕ್ಷೆ ಮಾಡಿಸಿ ಎಂಬ ಒಂದು ಮಾತು ಬರಲಿಲ್ಲ. ಒಂದು ಬೆಳಿಗ್ಗೆ ಕಫದಲ್ಲಿ ರಕ್ತದ ಗೆರೆ ಕಂಡಿತು. ನಮ್ಮೂರಿನ ಆಶಾ ಕಾರ್ಯಕರ್ತೆ ತಾನೇ ಬಸ್ ಹತ್ತಿಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಫದಲ್ಲಿ ಕ್ಷಯದ ರೋಗಾಣು ಇತ್ತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗ ಮಬ್ಬಾಗಿತ್ತು.

ಅತ್ತೆ ಅವತ್ತೇ ನನ್ನ ತಟ್ಟೆ, ಲೋಟ ಬೇರೆ ಮಾಡಿದರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಅವರ ಚಿಕ್ಕಮ್ಮ ಇದೇ ಕಾಯಿಲೆಯಲ್ಲಿ ರಕ್ತ ಕಾರಿ ಹೋದವರು. "ಮಗೂನ ಹತ್ರ ಕರೀಬೇಡ ಮಾರಾಯ್ತಿ" ಎನ್ನುವಾಗ ಅವರ ದನಿ ನಡುಗುತ್ತಿತ್ತು. ಬಟ್ಟೆ ಕೊಡಲು ಬರುತ್ತಿದ್ದ ಹೆಂಗಸರೂ ಬರುವುದನ್ನು ಬಿಟ್ಟರು.

ಎರಡು ದಿನ ಬಿಟ್ಟು ಕ್ಷಯ ವಿಭಾಗದ ಸಿಬ್ಬಂದಿ ಮನೆಗೆ ಬಂದರು. ತಟ್ಟೆಯನ್ನು ಅವರು ನೋಡಲೂ ಇಲ್ಲ. ನೇರ ಕಿಟಕಿಯ ಹತ್ತಿರ ಹೋದರು. ಎರಚಲು ಹೊಡೆಯುತ್ತದೆಂದು ಜೂನ್‌ನಿಂದಲೇ ಅಗುಳಿ ಹಾಕಿದ್ದೆವು. ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗಲೂ ಕಣ್ಣಿಗೆ ಕಾಣದ ಹನಿಗಳಲ್ಲಿ ರೋಗಾಣು ಹೊರಬರುತ್ತದೆ, ಗಾಳಿಯಾಡದ ಕೋಣೆಯಲ್ಲಿ ತಾಸುಗಟ್ಟಲೆ ತೇಲುತ್ತದೆ, ಅದನ್ನು ಉಸಿರಾಡಿದವರಿಗೆ ಅಂಟುತ್ತದೆ ಎಂದು ಅತ್ತೆಯನ್ನು ಕೂರಿಸಿಕೊಂಡು ವಿವರಿಸಿದರು. ಎಂಜಲಿನ ಪಾತ್ರೆಯಿಂದ, ಬಟ್ಟೆಯಿಂದ, ಮುಟ್ಟುವುದರಿಂದ ಇದು ಬರುವುದಿಲ್ಲ. ಕಿಟಕಿ ತೆಗೆಸಿದರು. ನನಗೆ ಮಾಸ್ಕ್ ಹಾಕಿಸಿದರು. ನಾಲ್ಕು ವರ್ಷದ ಮಗಳಿಗೆ ರೋಗವಿಲ್ಲವೆಂದು ಖಚಿತ ಮಾಡಿಕೊಂಡು, ಮುಂದೆ ಬಾರದಿರಲೆಂದು ಮಾತ್ರೆ ಶುರು ಮಾಡಿದರು. ಐದು ವರ್ಷದೊಳಗಿನ ಮಕ್ಕಳಿಗೆ ಕ್ಷಯ ಮೆದುಳಿಗೂ ಏರುವ ಅಪಾಯ ಹೆಚ್ಚು.

ಅಂಟಿದವರಿಗೆಲ್ಲ ಕಾಯಿಲೆ ಬರುವುದಿಲ್ಲ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ರೋಗವಾಗುತ್ತದೆ. ಉಳಿದವರಲ್ಲಿ ದೇಹವೇ ರೋಗಾಣುವಿನ ಸುತ್ತ ಕೋಟೆ ಕಟ್ಟಿ ಅದನ್ನು ಮಲಗಿಸಿಡುತ್ತದೆ. ಅಪೌಷ್ಟಿಕತೆ, ಸಕ್ಕರೆ ಕಾಯಿಲೆ, ಎಚ್‌ಐವಿ, ಬೀಡಿ ಸಿಗರೇಟು ಆ ಕೋಟೆಯನ್ನು ಕೆಡವುತ್ತವೆ. ಆಗ ಶ್ವಾಸಕೋಶದ ಅಂಗಾಂಶ ಕೊಳೆತು ಗುಳಿ ಬೀಳುತ್ತದೆ, ರಕ್ತನಾಳ ಸವೆಯುತ್ತದೆ. ನನ್ನ ಕಫದ ರಕ್ತ ಅಲ್ಲಿಂದ ಬಂದದ್ದು.

ತೂಕ 41 ಕಿಲೋಗೆ ಇಳಿದಿತ್ತು. ಆ ತೂಕಕ್ಕೆ ದಿನಕ್ಕೆ ಮೂರು ಮಾತ್ರೆ, ಒಂದೊಂದರಲ್ಲೂ ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬುಟಾಲ್. ಎರಡು ತಿಂಗಳು ನಾಲ್ಕೂ, ಆಮೇಲೆ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಮೊದಲ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ರಿಫಾಂಪಿಸಿನ್‌ನಿಂದ ಹಾಗಾಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಹೊಟ್ಟೆ ತೊಳಸುತ್ತಿತ್ತು, ಮಂಡಿ ಹಿಡಿದುಕೊಳ್ಳುತ್ತಿತ್ತು. ಇಥಾಂಬುಟಾಲ್ ಕಣ್ಣಿನ ನರಕ್ಕೆ ತಾಗಬಹುದು, ಕೆಂಪು ಹಸಿರು ಗುರುತು ಸಿಗದಿದ್ದರೆ ಕೂಡಲೇ ಬನ್ನಿ ಎಂದಿದ್ದರು. ದಿನಾ ಬೆಳಿಗ್ಗೆ ದಾರದ ರೀಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಕುಂಕುಮಗೆಂಪು, ಗಿಳಿಹಸಿರು, ಎಲೆಹಸಿರು ಎಂದು ಬೇರೆ ಮಾಡಿ ನೋಡಿಕೊಳ್ಳುತ್ತಿದ್ದೆ. ನನ್ನ ಅನ್ನ ಆ ಕಣ್ಣಿನಲ್ಲಿತ್ತು.

ಕೆಲವು ವಾರಗಳಲ್ಲಿ ಜ್ವರ ಬಿಟ್ಟಿತು, ಕೆಮ್ಮು ತಗ್ಗಿತು. ನಿಜವಾದ ಕಷ್ಟ ಅಲ್ಲಿಂದ ಮುಂದಿನದು. "ಗುಣ ಆಯ್ತಲ್ಲ, ಇನ್ನೂ ಯಾಕೆ ಆ ಉಷ್ಣದ ಮಾತ್ರೆ?" ಎಂದು ನೆಂಟರಿಷ್ಟರೆಲ್ಲ ಕೇಳಿದರು. ಈ ರೋಗಾಣು ಬಹಳ ನಿಧಾನವಾಗಿ ಬೆಳೆಯುವಂಥದ್ದು, ಕೆಲವು ಸುಮ್ಮನೆ ಅಡಗಿ ಕೂರುತ್ತವೆ. ನಡುವೆ ಬಿಟ್ಟರೆ ಉಳಿದವು ಔಷಧಿಗೆ ಬಗ್ಗದ ಕ್ಷಯವಾಗಿ ಏಳಬಹುದು. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಮಾತ್ರೆಯ ಖಾಲಿ ಪಟ್ಟಿಗಳನ್ನು ಎಣಿಸಿಯೇ ಹೋಗುತ್ತಿದ್ದಳು. ಅವಳ ಋಣ ದೊಡ್ಡದು.

ಮಾತ್ರೆಯಷ್ಟೇ ಊಟವೂ ಮುಖ್ಯ ಎಂದು ಗಟ್ಟಿಯಾಗಿ ಹೇಳಬೇಕು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೂ ಪೌಷ್ಟಿಕ ಆಹಾರ ಕೊಟ್ಟು ನೋಡಿತು. ಅಂಥ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟವಾಯಿತು. ನನಗೆ ಆಗ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. ನವೆಂಬರ್ 2024ರಿಂದ ಅದು 1000 ಆಗಿದೆ. ದುಡಿಯುವ ಕೈಯೇ ಮಲಗಿದ ಮನೆಗೆ ಇದೂ ಸಾಲದು. ಅತ್ತೆ ಮೊಟ್ಟೆ ಬೇಯಿಸಿ, ಹೆಸರುಕಾಳು ಮೊಳಕೆ ಕಟ್ಟಿ ತಿನ್ನಿಸಿದರು. ಬೇರೆ ಮಾಡಿದ್ದ ತಟ್ಟೆಯನ್ನು ತಾವೇ ಒಳಗೆ ತಂದಿಟ್ಟರು.

ಕೊನೆಯ ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. ಹೊಲಿಗೆ ಮತ್ತೆ ಹಿಡಿದಿದ್ದೇನೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕೆಮ್ಮು ಎರಡು ವಾರ ದಾಟಿದ್ದರೆ ಸಿರಪ್ಪು ಬದಲಿಸುತ್ತ ಕೂರಬೇಡಿ, ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಡಿ. ಪರೀಕ್ಷೆಗೂ ಔಷಧಿಗೂ ಅಲ್ಲಿ ದುಡ್ಡಿಲ್ಲ.